ದತ್ತು ಕೊಟ್ಟ ಮೇಲೆ ಹೆತ್ತವರ ಹಕ್ಕುಗಳು

ಮಕ್ಕಳಿಲ್ಲದ ಬಂಧುಗಳಿಗೆ ತಮ್ಮ ಮಗುವನ್ನು ದತ್ತು ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಕಾನೂನಿನ ಪರಿಣಾಮಗಳನ್ನು ಅರಿಯದೆ ಕೊಟ್ಟಲ್ಲಿ ಎರಡೂ ಮನೆಗಳಿಗೆ ದುಃಖವೊದಗುವ ಸಂಭವವಿದೆ.

ಒಂದು ಉದಾಹರಣೆಯನ್ನು ನೋಡೋಣ. ಇಬ್ಬರು ಗಂಡುಮಕ್ಕಳಿದ್ದ ತಂಗಿಯೊಬ್ಬಳು, ಪತಿಯ ಒಪ್ಪಿಗೆಯೊಂದಿಗೆ, ಮಕ್ಕಳಿಲ್ಲದ ತನ್ನ ಅಕ್ಕನಿಗೆ ಎರಡನೆಯ ಮಗುವನ್ನು ದತ್ತು ಕೊಟ್ಟಳು. ಬಂಧುಗಳ ಸಮ್ಮುಖದಲ್ಲಿ ಮಗುವನ್ನು ಅಕ್ಕಭಾವಂದಿರ ಮಡಿಲಿಗೆ ಒಪ್ಪಿಸಲಾಯಿತು. ದತ್ತಕ ಪತ್ರವೂ ನೋಂದಣಿಯಾಯಿತು. ಐದು ವರ್ಷಗಳ ಬಳಿಕ ತಂಗಿಯ ಹಿರಿಯ ಮಗ ಜ್ವರದಿಂದ ತೀರಿಕೊಂಡನು. "ಅಕ್ಕಾ, ನನ್ನ ಮಗುವನ್ನು ನನಗೆ ಹಿಂದಿರುಗಿಸು" ಎಂದು ತಂಗಿ ಬೇಡಿದಳು. ಅಕ್ಕನೂ ಕಣ್ಣೀರಿಟ್ಟಳು; ಆದರೆ ಮಗುವನ್ನು ಬಿಟ್ಟುಕೊಡಲಾರದೆ ಹೋದಳು.

ಕಾನೂನು ಏನು ಹೇಳುತ್ತದೆ?

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಹಿಂದೂ, ಬೌದ್ಧ, ಜೈನ ಮತ್ತು ಸಿಖ್ ಧರ್ಮೀಯರಿಗೆ ಅನ್ವಯಿಸುತ್ತದೆ. ಅದರ 12ನೆಯ ಪ್ರಕರಣದಂತೆ, ದತ್ತಕವಾದ ದಿನದಿಂದ ಮಗುವು ದತ್ತು ಪಡೆದವರ ಮಗುವೇ ಆಗುತ್ತದೆ. ಹುಟ್ಟಿದ ಮನೆಯೊಡನೆ ಇದ್ದ ಕಾನೂನಿನ ಸಂಬಂಧಗಳು ಕಡಿದುಹೋಗುತ್ತವೆ. 15ನೆಯ ಪ್ರಕರಣದಂತೆ, ಕ್ರಮಬದ್ಧವಾದ ದತ್ತಕವನ್ನು ಯಾರೂ ರದ್ದುಪಡಿಸಲಾಗದು. ದತ್ತುಮಗುವೂ ಹುಟ್ಟಿದ ಮನೆಗೆ ಮಗನಾಗಿಯೋ ಮಗಳಾಗಿಯೋ ಹಿಂದಿರುಗಲಾಗದು.

ಆದುದರಿಂದ ಮಗುವನ್ನು ಹಿಂದಕ್ಕೆ ಕೇಳುವ, ಅದರ ವಿದ್ಯಾಭ್ಯಾಸ ಅಥವಾ ವಿವಾಹವನ್ನು ನಿರ್ಧರಿಸುವ ಹಕ್ಕು ಹೆತ್ತವರಿಗೆ ಉಳಿಯುವುದಿಲ್ಲ. ಮಗುವನ್ನು ನೋಡಿಬರುವುದೂ ಪಡೆದವರ ಸಮ್ಮತಿಯನ್ನು ಅವಲಂಬಿಸಿದೆ.

ಉಳಿಯುವುದೇನು?

1. ದತ್ತಕಕ್ಕೆ ಮುನ್ನವೇ ಮಗುವಿಗೆ ಸೇರಿದ್ದ ಆಸ್ತಿ ಮಗುವಿನದಾಗಿಯೇ ಇರುತ್ತದೆ.

2. ರಕ್ತಸಂಬಂಧದ ಕಾರಣ ಹುಟ್ಟಿದ ಮನೆಯಲ್ಲಿ ಯಾರನ್ನು ವಿವಾಹವಾಗಬಾರದಿತ್ತೋ, ದತ್ತಕದ ನಂತರವೂ ಅವರನ್ನು ವಿವಾಹವಾಗಬಾರದು.

3. ಹೆತ್ತವರು ತಮ್ಮ ಸ್ವಯಾರ್ಜಿತ ಆಸ್ತಿಯನ್ನು ಉಯಿಲು ಅಥವಾ ದಾನಪತ್ರದ ಮೂಲಕ ಆ ಮಗುವಿಗೆ ಕೊಡಬಹುದು.

ಕೊಡುವ ಮುನ್ನ

ಹೆತ್ತವರ ಹಕ್ಕು ಪೂರ್ಣವಾಗಿರುವುದು ಕೊಡುವ ಮುನ್ನ ಮಾತ್ರ. 2010ರ ತಿದ್ದುಪಡಿಯ ನಂತರ ಮಗುವನ್ನು ದತ್ತು ಕೊಡುವ ಅಧಿಕಾರ ತಂದೆತಾಯಿಗಳಿಬ್ಬರಿಗೂ ಸಮನಾಗಿದೆ. ಸಾಮಾನ್ಯವಾಗಿ ಒಬ್ಬರ ಒಪ್ಪಿಗೆಯಿಲ್ಲದೆ ಮತ್ತೊಬ್ಬರು ಕೊಡುವಂತಿಲ್ಲ. ಅತ್ತೆಮಾವಂದಿರ ಒತ್ತಾಯಕ್ಕೆ ಮಣಿದು ತಾಯಿಯು ಹೆಬ್ಬೆಟ್ಟು ಒತ್ತಬೇಕಾಗಿಲ್ಲ. ಒಪ್ಪಿಗೆಯೇ ಇಲ್ಲದೆ ದತ್ತಕ ನಡೆದಿದ್ದಲ್ಲಿ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆದರೆ ತರುವಾಯ ಮನಸ್ಸು ಬದಲಾಯಿತೆಂಬ ಕಾರಣ ಸಾಲದು.

ದತ್ತಹೋಮ ಕಡ್ಡಾಯವಲ್ಲ. ಮಗುವನ್ನು ದತ್ತಕದ ಉದ್ದೇಶದಿಂದ ಕೊಟ್ಟು ತೆಗೆದುಕೊಳ್ಳುವುದು ಕಡ್ಡಾಯ. ಓದಿಗಾಗಿ ಅಜ್ಜಿಯ ಮನೆಯಲ್ಲಿ ಬಿಟ್ಟ ಮಗು ದತ್ತುಮಗುವಾಗುವುದಿಲ್ಲ. ಮುಂದೆ ವಿವಾದಗಳಾಗದಂತೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದತ್ತಕ ಪತ್ರವನ್ನು ನೋಂದಾಯಿಸುವುದು ಕ್ಷೇಮ. ಮಗುವಿಗೆ ಪ್ರತಿಯಾಗಿ ಹಣ ಕೊಡುವುದೂ ಪಡೆಯುವುದೂ ಅಪರಾಧ.

ಬಂಧುಗಳಲ್ಲದವರಿಗೆ ಕೊಡುವುದಾದರೆ

ಸಾಕಲಾರದ ಸ್ಥಿತಿಯಲ್ಲಿರುವ ಯಾವುದೇ ಧರ್ಮದ ತಂದೆತಾಯಿಗಳು 2015ರ ಬಾಲನ್ಯಾಯ ಅಧಿನಿಯಮದಂತೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಮರುಯೋಚನೆ ಮಾಡಲು ಅವರಿಗೆ 60 ದಿನಗಳ ಕಾಲಾವಕಾಶವಿದೆ. ಆ ಅವಧಿಯಲ್ಲಿ ಮನಸ್ಸು ಬದಲಾದಲ್ಲಿ ತಡಮಾಡದೆ ಸಮಿತಿಗೆ ತಿಳಿಸಬೇಕು. ಜಿಲ್ಲಾ ದಂಡಾಧಿಕಾರಿಗಳ ದತ್ತಕ ಆದೇಶವಾದ ಮೇಲೆ ಹೆತ್ತವರ ಕಾನೂನು ಸಂಬಂಧ ಕೊನೆಗೊಳ್ಳುತ್ತದೆ.

ದಂಪತಿಗಳು ತಮ್ಮಲ್ಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಈ ನಿರ್ಧಾರ ನಮ್ಮಿಬ್ಬರದೇ ಅಥವಾ ಪರರ ಒತ್ತಾಯದ್ದೇ? ನಾಳೆ ನಮ್ಮ ಮನೆಯ ಸ್ಥಿತಿ ಬದಲಾದರೂ ಈ ಮಾತಿಗೆ ನಿಲ್ಲಬಲ್ಲೆವೇ? ಮಗುವು ನಮ್ಮನ್ನು ಚಿಕ್ಕಪ್ಪ, ಚಿಕ್ಕಮ್ಮ ಎಂದು ಕರೆದಾಗ ಸಹಿಸಬಲ್ಲೆವೇ?

ಸಂದೇಹವಿದ್ದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿರಿ. ಮಹಿಳೆಯರಿಗೆ, ಅವರ ಆದಾಯವೆಷ್ಟೇ ಇರಲಿ, ಅಲ್ಲಿ ಉಚಿತ ಕಾನೂನು ನೆರವು ದೊರೆಯುತ್ತದೆ.

ಮೇಲಿನ ಉದಾಹರಣೆಯ ತಂಗಿಗೆ ಕಾನೂನು ಮಗುವನ್ನು ಹಿಂದಿರುಗಿಸಲಾರದು. ಆದರೆ ಹಬ್ಬಹರಿದಿನಗಳಲ್ಲಿ ಅಕ್ಕನು ಅವಳನ್ನು ಮನೆಗೆ ಕರೆದರೆ, ಚಿಕ್ಕಮ್ಮನಾಗಿ ಆ ಮಗುವನ್ನು ಎತ್ತಿ ಆಡಿಸಲು ಯಾವ ಕಾನೂನೂ ಅಡ್ಡಿಬಾರದು.