ಹಬ್ಬಕ್ಕೆ ಬರುವ ನೆಂಟರು
(ಲೂಕ 2ನೆಯ ಅಧ್ಯಾಯ)

ಕ್ರಿಸ್ತಜನನದ ಹಬ್ಬವು ಸಮೀಪಿಸುತ್ತಲೇ ನಮ್ಮ ಹಳ್ಳಿಯ ಮನೆಗಳಲ್ಲಿ ಒಂದು ಲೆಕ್ಕವು ಆರಂಭವಾಗುತ್ತದೆ. ಹುಬ್ಬಳ್ಳಿಯಿಂದ ತಮ್ಮನ ಸಂಸಾರ, ಗದಗಿನಿಂದ ಅಕ್ಕಭಾವಂದಿರು, ಬೆಂಗಳೂರಿಗೆ ದುಡಿಯಹೋದ ಮಕ್ಕಳು, ಹೀಗೆ ಹದಿನೈದಿಪ್ಪತ್ತು ಮಂದಿ ಬರುವರು. ಇರುವದು ಒಂದು ಪಡಸಾಲೆ, ಒಂದು ಒಳಕೋಣೆ, ಒಂದು ಅಡಿಗೆಮನೆ. ಎಲ್ಲಿ ಮಲಗಿಸಬೇಕು, ಏನು ಉಣಿಸಬೇಕು, ಹಣಕ್ಕೆ ಯಾರ ಬಳಿಗೆ ಹೋಗಬೇಕು ಎಂಬ ಚಿಂತೆಯು ಹಬ್ಬಕ್ಕಿಂತ ಮುಂಚೆಯೇ ಮನೆಯೊಳಗೆ ಬಂದು ಕುಳಿತಿರುತ್ತದೆ. ಆದದರಿಂದ ಈ ತಿಂಗಳಿನ ಪಾಠವನ್ನು ಈ ವಿಷಯವಾಗಿ ಬರೆಯುತ್ತೇವೆ.

ಯೋಸೇಫನಿಗೂ ಮರಿಯಳಿಗೂ ಛತ್ರದಲ್ಲಿ ಸ್ಥಳ ದೊರೆಯಲಿಲ್ಲವೆಂದು ನಮ್ಮ ಕನ್ನಡ ಸತ್ಯವೇದದಲ್ಲಿ ಓದುತ್ತೇವಷ್ಟೆ. ಇದರಿಂದ ಕಲ್ಲೆದೆಯ ಛತ್ರದವನೊಬ್ಬನು ಬಾಗಿಲಿಕ್ಕಿದನೆಂದು ನಮ್ಮ ಮಕ್ಕಳು ಹಬ್ಬದ ನಾಟಕದಲ್ಲಿ ಆಡಿತೋರಿಸುವದುಂಟು. ಅಂಥ ಮನುಷ್ಯನ ಹೆಸರಾಗಲಿ ಮಾತಾಗಲಿ ಲೂಕನ ಬರಹದಲ್ಲಿ ಇಲ್ಲ. ಇಲ್ಲಿ ಅವನು ಬಳಸಿದ ಗ್ರೀಕ್ ಶಬ್ದವು ಕತಾಲುಮ ಎಂಬದು. ಇದೇ ಶಬ್ದವು 22:11ರಲ್ಲಿ ತಿರಿಗಿ ಬರುತ್ತದೆ. ಅಲ್ಲಿ ಅದು ಕರ್ತನು ಶಿಷ್ಯರ ಸಂಗಡ ಪಸ್ಕದ ಊಟಮಾಡಿದ ಮನೆಯ ಅತಿಥಿಕೋಣೆ. ಸಮಾರ್ಯದವನು ಗಾಯಗೊಂಡವನನ್ನು ಕರೆದೊಯ್ದ ಛತ್ರಕ್ಕಾದರೋ (10:34) ಲೂಕನು ಪಂದೊಖೇಯೊನ್ ಎಂಬ ಬೇರೆ ಶಬ್ದವನ್ನೇ ಇಟ್ಟಿದ್ದಾನೆ. ಆದದರಿಂದ ಬೇತ್ಲೆಹೇಮಿನಲ್ಲಿ ತುಂಬಿಹೋಗಿದ್ದದ್ದು ಒಂದು ಮನೆಯ ಅತಿಥಿಕೋಣೆಯೇ ಎಂದು ಅನೇಕ ಪಂಡಿತರು ಹೇಳುತ್ತಾರೆ. ಖಾನೇಷುಮಾರಿಗಾಗಿ ತನ್ನ ವಂಶದ ಊರಿಗೆ ಬಂದವನು ನೆಂಟರ ಮನೆಗೆ ಹೋಗುವದು ಸಹಜವಲ್ಲವೇ?

ಆ ಸೀಮೆಯ ಹಳ್ಳಿಮನೆಗಳಲ್ಲಿ ಜನರು ಎತ್ತರವಾದ ಜಗಲಿಯ ಮೇಲೆಯೂ ದನಕುರಿಗಳು ಅದೇ ಸೂರಿನ ಕೆಳಗೆ ತಗ್ಗಿನಲ್ಲಿಯೂ ಇರುವದು ವಾಡಿಕೆಯಾಗಿತ್ತು. ಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಾದೀತು. ತಲಬಾಗಿಲು ದಾಟಿ, ಎತ್ತುಗಳ ಪಕ್ಕದಿಂದ ಪಡಸಾಲೆಗೆ ಹತ್ತುವ ನಮ್ಮ ಬಯಲುಸೀಮೆಯ ಹಳೇ ಮನೆಗಳಲ್ಲಿ ಬೆಳೆದವರಿಗೆ ಬೇಕಾಗಿಲ್ಲ. ಹಾಗಾದರೆ ಗೋದಲಿಯನ್ನು ಕೊಟ್ಟವರು ಬಾಗಿಲು ಹಾಕಿದವರಲ್ಲ, ಇಕ್ಕಟ್ಟಿನಲ್ಲಿಯೂ ಒಂದು ಎಡೆಯನ್ನು ಹುಡುಕಿಕೊಟ್ಟವರು.

ಆದುದರಿಂದ ಮಂಚವಿಲ್ಲವೆಂದು ನಾಚಬೇಡಿರಿ. ಮಾಗಿಯ ಚಳಿಗೆ ಕೆಳಗೆ ಒಣಹುಲ್ಲು, ಮೇಲೆ ಕೌದಿ ಕಂಬಳಿಗಳು ಸಾಕು. ಬರುವವರಿಗೂ ಒಂದೊಂದು ಕೌದಿ ತರಲು ಮುಂಚೆಯೇ ಹೇಳಿಕಳುಹಿಸುವದರಲ್ಲಿ ಅವಮಾನವೇನೂ ಇಲ್ಲ. ಆದರೆ ಸಾಲದ ವಿಷಯವು ಬೇರೆ. ಮರಿ ಕೊಯ್ಯದಿದ್ದರೆ, ಹೆಣ್ಣುಮಕ್ಕಳಿಗೆ ಸೀರೆ ಉಡಿಸದಿದ್ದರೆ ಬೀಗರು ಏನೆಂದಾರು ಎಂಬ ಅಂಜಿಕೆಯಿಂದ ಬಿತ್ತನೆಯ ಕಾಳನ್ನು ಮಾರಿದ, ಮೂರು ದಿವಸದ ಊಟಕ್ಕೆ ವರುಷವೆಲ್ಲಾ ಬಡ್ಡಿ ತೆತ್ತ ಮನೆಗಳನ್ನು ನಾವು ಬಲ್ಲೆವು. ಮರಿಯಳು ಶುದ್ಧೀಕರಣಕ್ಕಾಗಿ ದೇವಾಲಯಕ್ಕೆ ಹೋದಾಗ ಹಕ್ಕಿಗಳ ಕಾಣಿಕೆ ನೇಮಕವಾಗಿತ್ತೆಂದು 24ನೆಯ ವಚನದಲ್ಲಿದೆ. ಕುರಿಮರಿಯನ್ನು ತರಲು ಗತಿಯಿಲ್ಲದವರಿಗೆ ಯಾಜಕಕಾಂಡ 12:8ರಲ್ಲಿ ಗೊತ್ತುಮಾಡಿದ ಕಾಣಿಕೆಯದು. ಅವಳು ಸಾಲಮಾಡಿ ಕುರಿ ತರಲಿಲ್ಲ. ಪಟ್ಟಣದಲ್ಲಿ ಸಂಬಳವುಳ್ಳ ತಮ್ಮಂದಿರು ಅಕ್ಕಿ ಬೆಲ್ಲಗಳನ್ನು ಕೈಯಲ್ಲಿ ಹಿಡಿದು ಬರಲಿ. ಬರಿಗೈಯಲ್ಲಿ ಬಂದು ಸಾರಿನ ರುಚಿಗೆ ಹೆಸರಿಡುವದು ನೆಂಟಸ್ತನವಲ್ಲ.

ಇನ್ನು ಅಡಿಗೆಮನೆ. ಆರಾಧನೆಯ ಗಂಟೆ ಬಾರಿಸುವಾಗ ಎಲ್ಲರೂ ಹೊಸ ಬಟ್ಟೆಯುಟ್ಟು ಹೊರಡುವರು, ಸೊಸೆಯೊಬ್ಬಳು ಒಲೆಯ ಮುಂದೆ ಉಳಿಯುವಳು. ಮಾರ್ತಳ ಕಥೆಯನ್ನೋದಿ ಆಕೆಯನ್ನು ಗದರಿಸುವ ಗಂಡಸರಿದ್ದಾರೆ; ಕೊಡ ಹೊತ್ತು ನೀರು ತರುವವರು ಎಷ್ಟು ಮಂದಿ? ಖಡಕ್ ರೊಟ್ಟಿಯನ್ನು ವಾರ ಮುಂಚೆಯೇ ಸುಟ್ಟಿಡಬಹುದು. ಕರ್ಚಿಕಾಯಿ, ಚಕ್ಕುಲಿಗಳೂ ಕೆಡುವಂಥವಲ್ಲ. ಹಬ್ಬದ ಬೆಳಿಗ್ಗೆ ಅನ್ನ ಸಾರುಗಳಷ್ಟೇ ಉಳಿದರೆ ಅತ್ತೆ ಸೊಸೆಯರಿಬ್ಬರೂ ದೇವರ ಮನೆಗೆ ಬರುವರು.

ನಮ್ಮ ಮತಕ್ಕೆ ಸೇರದ ದೊಡ್ಡಪ್ಪ, ಸೋದರಮಾವಂದಿರೂ ಬರುವದುಂಟು. ಮಾಂಸ ತಿನ್ನದವರಿಗೆ ಬೇರೆ ಪಾತ್ರೆಯಲ್ಲಿ ಅಡಿಗೆಮಾಡಿ ಮೊದಲು ಬಡಿಸಿರಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನು ಆ ವಾರ ಓದಿಕೊಳ್ಳಿರಿ. ಉಣ್ಣಲು ಕುಳಿತವರ ಸಂಗಡ ವಾದಿಸಬಾರದು.

ಹೊಲದ ಬದುವಿನ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣನಿದ್ದರೆ ಅವನಿಗೂ ಕರೆ ಹೋಗಬೇಕು. ಹುಡುಗನ ಕೈಯಲ್ಲಿ ಹಿಂದಿನ ಸಾಯಂಕಾಲ ಹೇಳಿಕಳುಹಿಸಿದರೆ ಅವನು ಬಾರನೆಂದು ನಿಮಗೂ ಗೊತ್ತು. ಈ ವಾರವೇ ಸಭೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಬದುವಿನ ಮಾತನ್ನೆತ್ತದೆ, ನೀವೇ ಅವನ ಹೊಸ್ತಿಲಿಗೆ ಹೋಗಿ ಅತ್ತಿಗೆಯನ್ನೂ ಮಕ್ಕಳನ್ನೂ ಹೆಸರು ಹಿಡಿದು ಕರೆಯಿರಿ.