ಹಾಡು ಕಲಿಯುವವರಿಗೆ ಶ್ರುತಿಯ ಆಯ್ಕೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಅನೇಕ ಮನೆಗಳಿಂದ ಸಂಜೆಯ ವೇಳೆ ಸರಳೆವರಸೆಯ ದನಿ ಕೇಳಿಬರುತ್ತದೆ. ಕೆಲವರಿಗೆ ಶ್ರುತಿ ಕೊಡುವುದು ತಂಬೂರಿ, ಕೆಲವರಿಗೆ ಹಾರ್ಮೋನಿಯಂ, ಹಲವರಿಗೆ ಮೊಬೈಲು. ಕಲಿಯುವವನ ಕಿವಿಗೆ ಇವೆಲ್ಲ ಸಮಾನವೆ? ಭೌತವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ಕರ್ನಾಟಕ ಸಂಗೀತದ ಮೊದಲ ಪಾಠಗಳು ಮಾಯಾಮಾಳವಗೌಳ ರಾಗದಲ್ಲಿವೆ. ಅದರಲ್ಲಿ ಬರುವುದು ಅಂತರ ಗಾಂಧಾರ. ಷಡ್ಜಕ್ಕೂ ಇದಕ್ಕೂ ಆವೃತ್ತಿಗಳ ಅನುಪಾತ 4:5. ಷಡ್ಜವು ಸೆಕೆಂಡಿಗೆ 130.8 ಕಂಪನಗಳಾದರೆ ಗಾಂಧಾರ 163.5 ಆಗಬೇಕು. ಆದರೆ ಸ್ಥಾಯಿಯನ್ನು 12 ಸಮಭಾಗ ಮಾಡಿರುವ ಹಾರ್ಮೋನಿಯಮ್ಮಿನಲ್ಲಿ ಅದು 164.8. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಪ್ರತಿ ಸ್ವರದೊಡನೆ ಅದರ 2, 3, 4, 5 ಮಡಿ ಆವೃತ್ತಿಯ ಉಪಸ್ವರಗಳೂ ಹೊರಡುತ್ತವೆಯಷ್ಟೆ. ಷಡ್ಜದ 5 ಮಡಿ 654. ಆ ಗಾಂಧಾರದ 4 ಮಡಿ 659.2. ಇವೆರಡೂ ಕೂಡಿದಾಗ ನಾದವು ಸೆಕೆಂಡಿಗೆ ಸುಮಾರು 5 ಬಾರಿ ಏರಿಳಿಯುತ್ತದೆ. ಇದೇ ವಿಸ್ಪಂದ. ಶುದ್ಧ ಗಾಂಧಾರದಲ್ಲಿ ಎರಡೂ 654; ಆದ್ದರಿಂದ ನಾದವು ನಿಶ್ಚಲ.

ತಂಬೂರಿಯ ಹಿರಿಮೆ ಇಲ್ಲಿದೆ. ಅದರ ಕುದುರೆ ಅಗಲವಾದುದು. ತಂತಿಯ ಕೆಳಗೆ ನೂಲಿನ ಎಳೆಯನ್ನು ಸರಿಯಾದೆಡೆ ಇರಿಸಿದಾಗ ಉಪಸ್ವರಗಳು ಬಲವಾಗಿ ಹೊಮ್ಮುತ್ತವೆ. ಸಿ. ವಿ. ರಾಮನ್ನರು 1921ರಲ್ಲಿಯೇ ಇದನ್ನು ವಿವೇಚಿಸಿದರು. ಷಡ್ಜದ ತಂತಿಯಲ್ಲಿಯೇ ಶುದ್ಧ ಗಾಂಧಾರ ಅಡಗಿದೆ. ಹಾಡುವವನು ಅದನ್ನು ಆಲಿಸಿ ತನ್ನ ಸ್ವರವನ್ನು ಅದಕ್ಕೆ ಸೇರಿಸಬಹುದು. ತಂಬೂರಿ ಇಲ್ಲದವರಿಗೆ ವಿದ್ಯುನ್ಮಾನ ತಂಬೂರಿಯಾಗಲಿ ಮೊಬೈಲಾಗಲಿ ಸಾಕು. ಆದರೆ ಮೊಬೈಲಿನ ಕಿರಿಯ ಧ್ವನಿವರ್ಧಕವು ತಗ್ಗಿನ ಸ್ವರಗಳನ್ನು ಚೆನ್ನಾಗಿ ಹೊರಡಿಸಲಾರದು. ಅದಕ್ಕೆ ದೊಡ್ಡದೊಂದನ್ನು ಜೋಡಿಸುವುದು ಲೇಸು.

ಸ್ವರವನ್ನು ಅಳೆದು ತೋರಿಸುವ ತಂತ್ರಾಂಶಗಳ ವಿಷಯದಲ್ಲಿ ಎಚ್ಚರ ಬೇಕು. ಅವುಗಳಲ್ಲಿ ಅನೇಕವು ಸಮಭಾಗದ ಅಳತೆಯನ್ನೇ ಬಳಸುತ್ತವೆ. ಆಗ ಶುದ್ಧ ಗಾಂಧಾರ ಹಾಡಿದವನಿಗೆ, ಅರ್ಧಸ್ವರದ 100 ಪಾಲುಗಳಲ್ಲಿ 14 ಪಾಲು ತಗ್ಗಿದೆ ಎಂಬ ಉತ್ತರ ಬರುತ್ತದೆ. ಸರಿಯಾದುದನ್ನು ತಿದ್ದಿಕೊಂಡು ಕೆಡಿಸಿಕೊಳ್ಳುವ ಅಪಾಯ ಇಲ್ಲಿದೆ.

ಇನ್ನು ಶ್ರುತಿಯ ಎತ್ತರ. ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಎರಡು ಸ್ಥಾಯಿಗಳಷ್ಟು ಅಂತರವಿದೆ. ಮೇಲೆ ಹೇಳಿದ ಷಡ್ಜಕ್ಕೆ ಇದು ಸುಮಾರು 98ರಿಂದ 392 ಕಂಪನಗಳವರೆಗೆ. ಈ ಎರಡು ಕೊನೆಗಳನ್ನೂ ಶ್ರಮವಿಲ್ಲದೆ ಮುಟ್ಟುವಂತಹ ಷಡ್ಜವೇ ತಕ್ಕ ಶ್ರುತಿ; ಗುರುವಿನ ಶ್ರುತಿಯೋ ಗೆಳೆಯನ ಶ್ರುತಿಯೋ ಅಲ್ಲ. ಹುಡುಗರಿಗೆ ಹದಿವಯಸ್ಸಿನಲ್ಲಿ ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ ದನಿ ಸುಮಾರು ಒಂದು ಸ್ಥಾಯಿಯಷ್ಟು ಇಳಿಯುತ್ತದೆ. ಆಗ ಹಳೆಯ ಶ್ರುತಿಯನ್ನು ಹಿಡಿದು ಕಿರುಚುವುದು ಗಂಟಲಿಗೆ ಕೇಡು. ದನಿ ಒಡೆದೊಡನೆ ಸಂಗೀತವನ್ನು ಬಿಡಬೇಕಾದುದೂ ಇಲ್ಲ. ಶ್ರುತಿಯನ್ನು ಇಳಿಸಿಕೊಂಡು ಮೆಲ್ಲನೆ ಅಭ್ಯಾಸ ಮಾಡಿದರಾಯಿತು.

ನಮ್ಮ ದನಿ ನಮಗೆ ತಲೆಯ ಮೂಳೆಗಳ ಮೂಲಕವೂ ಕೇಳುವುದರಿಂದ ಇತರರಿಗೆ ಕೇಳುವಂತೆ ನಮಗೆ ಕೇಳದು. ಧ್ವನಿಮುದ್ರಿಸಿ ಆಲಿಸಿದರೆ ಆ ವ್ಯತ್ಯಾಸ ತಿಳಿಯುತ್ತದೆ. ಆದರೂ ಮುದ್ರಿತ ಪಾಠವು ಹಾಡಬಲ್ಲದೇ ಹೊರತು ಶಿಷ್ಯನ ಹಾಡನ್ನು ಕೇಳಲಾರದು. ಆ ಕೆಲಸಕ್ಕೆ ಗುರುವೇ ಬೇಕು.