ಎರಿ ಹೊಲದ ಮೇವಿಗೆ ಕಸದ ಎಣ್ಣಿ: ಎಷ್ಟು, ಯಾವಾಗ?

ಅನಗವಾಡಿ ಭಾಗದಲ್ಲಿ ಘಟಪ್ರಭೆ ದಂಡಿಯ ಹೊಲಗಳು ಆಲಮಟ್ಟಿ ಹಿನ್ನೀರಿಗೆ ಸಿಕ್ಕ ಮೇಲೆ ಹಸಿ ಮೇವಿಗೆ ಮಳಿ ನಂಬಿದ ಎರಿ ಹೊಲವೇ ಗತಿ. ಅಲ್ಲಿ ಹೆಡ್ಜ್ ಲೂಸರ್ನ್ ಚೆನ್ನಾಗಿ ಒಗ್ಗುತ್ತದೆ. ಆದರೆ ಮೊದಲ ಒಂದೂವರೆ ತಿಂಗಳು ಇದರದು ಭಾಳ ನಿಧಾನದ ಬೆಳವಣಿಗೆ. ಕಸ ಮೇಲೆದ್ದು ಸಸಿಯನ್ನು ಮುಚ್ಚಿಬಿಡುತ್ತದೆ. ಆಳು ಹಚ್ಚಿ ತೆಗೆಸಿದರೆ ಕೂಲಿ ಹಾಲಿನ ರೊಕ್ಕಕ್ಕಿಂತ ಹೆಚ್ಚಾಗುತ್ತದೆ.

ನಾನು ಮುಂಗಾರಿನಲ್ಲಿ ಹೊಲ ಖಾಲಿ ಬಿಡುತ್ತೇನೆ. ಮಳಿಗೆ ಕಸ ಹುಟ್ಟಿದಾಗೊಮ್ಮೆ ಹರಗುತ್ತೇನೆ. ಕರಿಕಿ, ಜೇಕು ಇದ್ದರೆ ಬೇರು-ಗಡ್ಡಿ ಈಗಲೇ ಆರಿಸಬೇಕು. ಮುಂದೆ ಹೊಡೆಯುವ ಎಣ್ಣಿಗೆ ಅವು ಜಗ್ಗುವುದಿಲ್ಲ.

ಹುಬ್ಬಿ ಮಳಿಗೆ ಬಿತ್ತನೆ. ಬೀಜದ ಸಿಪ್ಪಿ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆದು, ತಣ್ಣೀರಿಗೆ ಹಾಕಿ ಆರಿಸಬೇಕು. ಸಾಲಿಗೆ ಸಾಲು ಒಂದೂವರೆ ಅಡಿ ಇದ್ದರೆ ಎಡೆ ಹೊಡೆಯಲು ಬರುತ್ತದೆ. ಬೀಜ ತೆಳುವಾಗಿಯಾದರೂ ಮಣ್ಣಿನಿಂದ ಮುಚ್ಚಿರಲೇಬೇಕು.

ಬಿತ್ತಿದ ಮೂರು ದಿನದೊಳಗೆ, ಹಸಿ ಇರುವಾಗ, ಪೆಂಡಿಮೆಥಾಲಿನ್ 30 ಇ.ಸಿ. ಅಲಸಂದಿ, ಕುದುರೆಮಸಾಲೆಗೆ ಹೇಳುವ ಪ್ರಮಾಣ ಎಕರೆಗೆ 1.3 ಲೀಟರ್. 15 ಲೀಟರ್ ಪಂಪಿಗೆ 100 ಮಿ.ಲೀ. ಹಾಕಿದರೆ 13 ಪಂಪು ಆಗುತ್ತದೆ. ಹಿಂದಕ್ಕೆ ನಡೆಯುತ್ತಾ ಹೊಡೀರಿ, ತುಳಿಯಬ್ಯಾಡ್ರಿ. ಇದು ಮೊಳಕೆಯ ಬೇರು-ಕುಡಿ ಬೆಳೆಯುವುದನ್ನು ತಡೆಯುವ ಎಣ್ಣಿ. ಎದ್ದ ಕಸವನ್ನು ಕೊಲ್ಲುವುದಿಲ್ಲ. ಒಣ ಮಣ್ಣಿಗೆ ಹೊಡೆದರೆ ರೊಕ್ಕ ಹಾಳು. ಮೇಲ್ಮಣ್ಣಿನಲ್ಲಿ ಪದರಾಗಿ ನಿಲ್ಲುವುದರಿಂದ ತಿಂಗಳ ತನಕ ಎಡೆ ಹೊಡೆಯಬಾರದು. ಎರಿ ಬಿರುಕು ಬಿಟ್ಟಲ್ಲಿ ಕಸ ಎದ್ದೇ ಏಳುತ್ತದೆ, ಅದಕ್ಕೆ ಒಂದು ಕೈಕಸ ಬೇಕು.

ಡಬ್ಬಿಯ ಚೀಟಿಯಲ್ಲಿ ಈ ಮೇವಿನ ಹೆಸರು ಇಲ್ಲದಿದ್ದರೆ ಇಡೀ ಹೊಲಕ್ಕೆ ಹೊಡೆಯಬ್ಯಾಡ್ರಿ. ಎರಡು ಗುಂಟೆಗೆ 65 ಮಿ.ಲೀ., 10 ಲೀಟರ್ ನೀರಿನಲ್ಲಿ ಹೊಡೆದು ನೋಡ್ರಿ. ಪಕ್ಕಕ್ಕೆ ಎಣ್ಣಿ ಹೊಡೆಯದ ಒಂದು ಪಟ್ಟಿಯೂ ಇರಲಿ.

ಗೋವಿನಜೋಳಕ್ಕೆ ಹೊಡೆಯುವ ಅಟ್ರಾಜಿನ್ ಮಾತ್ರ ಇದರ ಹತ್ತಿರ ತರಬ್ಯಾಡ್ರಿ. ಹಿಂದಿನ ಬೆಳೆಗೆ ಹೊಡೆದದ್ದೂ ಮಣ್ಣಿನಲ್ಲಿ ಉಳಿದು ದ್ವಿದಳವನ್ನು ಸುಡುತ್ತದೆ. 2,4-ಡಿ ಅಂತೂ ಅಗಲ ಎಲೆಯ ವೈರಿ. ಅದನ್ನು ಹೊಡೆದ ಪಂಪು ಸರಿಯಾಗಿ ತೊಳೆಯದಿದ್ದರೆ ಸಸಿ ಮುರುಟುತ್ತದೆ. ಬಾಡಿಗಿ ಪಂಪು ತರುವವರು ಹಿಂದೆ ಏನು ಹೊಡೆದಿದ್ದರೆಂದು ಕೇಳಿಯೇ ತರಬೇಕು. ಬಿತ್ತುವ ಮುನ್ನ ಗ್ಲೈಫೋಸೇಟ್ ಹೊಡೆಯುವ ರೂಢಿ ಹಲವರಿಗಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಅದನ್ನು ಪರವಾನಿಗೆಯ ಕೀಟನಿಯಂತ್ರಕರ ಮೂಲಕವೇ ಹೊಡೆಸಬೇಕೆಂದು ಆದೇಶಿಸಿತು. ಹರಗುವ ಎತ್ತು ಮನೆಯಲ್ಲಿದ್ದವರಿಗೆ ಅದರ ಗೊಡವೆಯೇ ಬೇಡ.

ಮೊದಲ ಕೊಯ್ಲು ಮೂರು ತಿಂಗಳ ಮೇಲೆ. ಅಲ್ಲಿತನಕ ದನ ಬಿಡಬ್ಯಾಡ್ರಿ, ಆಡುಗಳನ್ನಂತೂ ಕಟ್ಟಿಹಾಕ್ರಿ.